ದಾರಿ ಹಳೆಯದು, ಗಾಲಿ ಹೊಸದು

ಮಂಗಳೂರಿನಿಂದ ಉಡುಪಿ ಕಡೆಗೆ ಹೊರಟವರಿಗೆ ಊರು ದಾಟುವ ಮೊದಲೇ ಕೂಳೂರಿನ ಹಳೇ ಸೇತುವೆ ಸಿಗುತ್ತದೆ. ಎರಡೂ ಬದಿಗೆ ಕಾಂಕ್ರೀಟಿನ ಕಮಾನು, ಕೆಳಗೆ ಫಲ್ಗುಣಿ ನದಿ. 1952ರಲ್ಲಿ ಕಟ್ಟಿದ್ದು. ಲಾರಿಗಳ ಸಾಲಿನಲ್ಲಿ ಸಿಕ್ಕಿಹಾಕಿಕೊಂಡವರು ಹಾರ್ನ್ ಒತ್ತುತ್ತಾ ಅದಕ್ಕೆ ಬೈಯುವುದೇ ಹೆಚ್ಚು. ನನಗೆ ಮಾತ್ರ ಆ ಕಮಾನುಗಳನ್ನು ಕಂಡರೆ ಒಂದು ಬಗೆಯ ಮರ್ಯಾದೆ. ಪೇಟೆಯಲ್ಲಿ ಹತ್ತಿದ ಗಾಡಿಯಿಂದ ಇಳಿಯದೆಯೇ ಹೊಳೆ ದಾಟಬಹುದು ಎಂಬ ಸುಖ ನಮ್ಮ ಜಿಲ್ಲೆಗೆ ಬಂದದ್ದೇ ಇಂಥ ಸೇತುವೆಗಳಿಂದ. ಆ ಕಾಲದ ಸಂಸದ ಉಳ್ಳಾಲ ಶ್ರೀನಿವಾಸ ಮಲ್ಯರ ಹೆಸರನ್ನು ಇಲ್ಲಿನ ಹಿರಿಯರು ಸೇತುವೆ, ಬಂದರು, ವಿಮಾನ ನಿಲ್ದಾಣ ಮೂರಕ್ಕೂ ಸೇರಿಸಿ ಹೇಳುತ್ತಾರೆ. ಪಣಂಬೂರಿನಲ್ಲಿ ಅವರ ಪ್ರತಿಮೆಯೂ ಇದೆ.

ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತನಾದವನು ನಾನು. ಪಕ್ಕದ ಸೀಟಿನಲ್ಲಿ ಸ್ಟಿಯರಿಂಗ್ ಹಿಡಿದಿದ್ದವನು ನನ್ನ ಭಾವ, ಬೈಂದೂರು ಕಡೆಯ ಮೆಕ್ಯಾನಿಕ್. ಗಾಡಿ ಅವನದೇ: ಹೈ ಬಾನೆಟ್ಟಿನ ಹಳೇ ಜೀಪು, ಪೆಟ್ರೋಲ್ ಇಂಜಿನ್ ತೆಗೆದು ಡೀಸೆಲ್ ಕೂರಿಸಿದ್ದು. ತಲಪಾಡಿಯಿಂದ ಮಾಜಾಳಿಯವರೆಗೆ, ಅಂದರೆ ಕೇರಳದ ಗಡಿಯಿಂದ ಗೋವಾದ ಗಡಿಯವರೆಗೆ, ಹೆದ್ದಾರಿ ಬೇಜಾರಾದಲ್ಲೆಲ್ಲ ಬಿಟ್ಟು ಹಳೇ ಕಡವುಗಳನ್ನು ಹುಡುಕುತ್ತಾ ಹೋಗಬೇಕು ಎಂಬುದು ನನ್ನ ಆಸೆ. ಕಡವಿಗೆ ಇಳಿಯುವ ದಾರಿಗಳು ಈಗ ಹೆಚ್ಚಾಗಿ ಜಂಬಿಟ್ಟಿಗೆಯ ಕೊರಕಲು, ಇಲ್ಲವೇ ಕೆಸರು. ಫೋರ್ ವೀಲ್ ಇಲ್ಲದ ಗಾಡಿ ಅಲ್ಲಿ ಇಳಿದರೂ ಮೇಲೆ ಹತ್ತುವುದು ಕಷ್ಟ. ಆಸೆ ನನ್ನದು, ಡೀಸೆಲ್ ಖರ್ಚೂ ನನ್ನದು ಎಂದ ಮೇಲೆ ಭಾವ ಒಪ್ಪಿದ.

ಹೆದ್ದಾರಿ 66, ಮೊನ್ನೆ ಮೊನ್ನೆಯವರೆಗೆ 17 ಎಂದು ಕರೆಯುತ್ತಿದ್ದುದು, ನೋಡುವವರಿಗೆ ಅನಾದಿ ಕಾಲದ್ದು ಅನ್ನಿಸುತ್ತದೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಘಟ್ಟ, ನಡುವಿನ ಕಿರಿದಾದ ನೆಲದಲ್ಲಿ ರಸ್ತೆ ಬೇರೆಲ್ಲಿ ಹೋಗಲು ಸಾಧ್ಯ? ಆದರೆ ಈ ನೆಲವನ್ನು ಹೊಳೆಗಳು ಅಡ್ಡಡ್ಡ ಕೊಯ್ದಿವೆ. ನೇತ್ರಾವತಿ, ಫಲ್ಗುಣಿ, ಶಾಂಭವಿ, ಸ್ವರ್ಣಾ, ಸೀತಾ, ಕುಂದಾಪುರದ ಪಂಚಗಂಗಾವಳಿ, ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ: ಇವು ದೊಡ್ಡವು ಮಾತ್ರ. ಘಟ್ಟದಲ್ಲಿ ಹುಟ್ಟಿ ಸಮುದ್ರಕ್ಕೆ ಬರುವ ಹೊತ್ತಿಗೆ ಎಲ್ಲವೂ ಅಗಲವಾಗಿ, ಉಪ್ಪುನೀರು ಸೇರಿಸಿಕೊಂಡು, ಭರತ ಇಳಿತಕ್ಕೆ ಸರಿಯಾಗಿ ಏರಿ ಇಳಿಯುತ್ತವೆ. ಕಾಲುನಡಿಗೆಯವನಿಗೆ ಇದು ಅಡ್ಡಿಯಲ್ಲ, ಒಂದು ದೋಣಿ ಸಾಕು. ಗಾಡಿಗೆ ದೋಣಿ ಸಾಲದು.

ಕಾಲುನಡಿಗೆಯ ದಾರಿಯಂತೂ ಇತ್ತು, ಅದೂ ಭರ್ಜರಿಯಾಗಿ. ಹದಿನಾಲ್ಕನೇ ಶತಮಾನದ ನಡುವಿನಲ್ಲಿ ಈ ಕರೆಯಲ್ಲಿ ಓಡಾಡಿದ ಮೊರಾಕೊ ದೇಶದ ಇಬ್ನ್ ಬತೂತ ಅದನ್ನು ವರ್ಣಿಸಿದ್ದಾನೆ. ಗೋವಾದಿಂದ ಕೊಲ್ಲಂವರೆಗೆ ಎರಡು ತಿಂಗಳ ದಾರಿ, ಉದ್ದಕ್ಕೂ ಮರಗಳ ನೆರಳು. ಅರ್ಧರ್ಧ ಮೈಲಿಗೆ ಒಂದು ಮರದ ಮನೆ, ಅದರಲ್ಲಿ ದಾರಿಹೋಕರಿಗೆ ಕೂರಲು ಜಗುಲಿ, ಪಕ್ಕದಲ್ಲಿ ಬಾವಿ, ನೀರು ಕೊಡಲು ಒಬ್ಬ ಆಳು. ನಮ್ಮ ಅರವಟ್ಟಿಗೆಯನ್ನೇ ಅವನು ಕಂಡದ್ದು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಹೊನ್ನಾವರ, ಬಸರೂರು, ಬಾರಕೂರು, ಮಂಗಳೂರು ಎಲ್ಲವೂ ಅವನ ಬರಹದಲ್ಲಿ ಬರುತ್ತವೆ. ಹೊನ್ನಾವರದಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳಿದ್ದವು ಎಂದು ಬರೆದದ್ದನ್ನು ನಾನು ತರಗತಿಯಲ್ಲಿ ಹೇಳಿದಾಗೆಲ್ಲ ಹುಡುಗಿಯರು ಹುಡುಗರ ಕಡೆ ತಿರುಗಿ ನೋಡುತ್ತಿದ್ದರು.

ಅವನು ಗಮನಿಸಿದ ಇನ್ನೊಂದು ಸಂಗತಿ ನನ್ನ ಈ ಬರಹಕ್ಕೆ ಹೆಚ್ಚು ಮುಖ್ಯ. ಇಲ್ಲಿ ಯಾರೂ ಪ್ರಾಣಿಯ ಮೇಲೆ ಕೂತು ಹೋಗುವುದಿಲ್ಲ, ಕುದುರೆ ಇರುವುದು ಅರಸನಿಗೆ ಮಾತ್ರ. ಉಳ್ಳವರು ಡೋಲಿಯಲ್ಲಿ ಹೋಗುತ್ತಾರೆ, ಉಳಿದವರು ನಡೆಯುತ್ತಾರೆ, ವ್ಯಾಪಾರಿಯ ಸಾಮಾನು ಕೂಲಿಯವರ ಮೈಮೇಲೆ ಸಾಗುತ್ತದೆ. ಗಾಲಿಯ ಸುದ್ದಿಯೇ ಇಲ್ಲ. ಭಾರವಾದ ಸರಕು, ಅಕ್ಕಿ, ಮೆಣಸು, ಉಪ್ಪು, ಎಲ್ಲ ಮಚವೆ ಹತ್ತಿ ಸಮುದ್ರದಲ್ಲಿ ಹೋಗುತ್ತಿತ್ತು.

ಸಾಲಿಗ್ರಾಮದ ಆಚೆ ಒಂದು ಒಳದಾರಿಯಲ್ಲಿ ಭಾವನಿಗೆ ಜೀಪು ನಿಲ್ಲಿಸಲು ಹೇಳಿದೆ. ಗದ್ದೆಯ ಅಂಚಿನಲ್ಲಿ ಎರಡು ಕಲ್ಲು ಕಂಬ ನೆಟ್ಟು ಮೇಲೆ ಅಡ್ಡಲಾಗಿ ಒಂದು ಹಾಸುಗಲ್ಲು ಇಟ್ಟಿದ್ದಾರೆ. ಎತ್ತರ ಹೆಚ್ಚುಕಡಿಮೆ ನನ್ನ ಭುಜಕ್ಕೆ ಬರುತ್ತದೆ. ತಲೆಹೊರೆ ಹೊತ್ತವನು ಯಾರ ಸಹಾಯವೂ ಇಲ್ಲದೆ ಹೊರೆಯನ್ನು ಅದರ ಮೇಲೆ ಜಾರಿಸಿ, ಸುಧಾರಿಸಿಕೊಂಡು, ಮತ್ತೆ ತಲೆಗೆ ಎಳೆದುಕೊಳ್ಳಲಿ ಎಂದು ಮಾಡಿದ್ದು. ಹಾಸುಗಲ್ಲಿನ ಒಂದು ಅಂಚು ಮಾತ್ರ ನುಣ್ಣಗೆ ಸವೆದಿದೆ, ಹೊರೆ ಜಾರಿಸುತ್ತಿದ್ದ ಕಡೆ. ಇನ್ನೊಂದು ಅಂಚು ಉಳಿಯ ಗುರುತು ಸಮೇತ ಒರಟಾಗಿಯೇ ಇದೆ. ಈ ಕರೆಯ ಸಾಗಣೆಯ ಲೆಕ್ಕಪತ್ರ ಎಂದು ಯಾವ ದಫ್ತರವನ್ನು ತೋರಿಸಿದರೂ ಆ ಸವೆದ ಅಂಚಿನಷ್ಟು ನನಗೆ ಸಾಕ್ಷಿ ಅನ್ನಿಸುವುದಿಲ್ಲ. ಈಗ ಅದರ ಮೇಲೆ ಯಾರೋ ಸೊಪ್ಪು ಒಣಗಿಸಿದ್ದರು.

ನಡೆಯುವುದು ಬಡವರ ಪಾಡು ಮಾತ್ರ ಆಗಿರಲಿಲ್ಲ. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಉಳ್ಳಾಲದ ರಾಣಿಯನ್ನು ಕಂಡದ್ದು ಅರಮನೆಯಲ್ಲಿ ಅಲ್ಲ, ದಾರಿಯಲ್ಲಿ. ಹೊಸದಾಗಿ ತೋಡಿಸುತ್ತಿದ್ದ ಕಾಲುವೆ ಕೆಲಸ ನೋಡಲು ಆಕೆ ಬರಿಗಾಲಿನಲ್ಲಿ ನಡೆದು ಹೊರಟಿದ್ದಳು. ರಾಣಿಯ ಸರಳ ಉಡುಗೆ ಕಂಡು ಅವನಿಗೆ ಆಶ್ಚರ್ಯ. 1801ರಲ್ಲಿ ಕಂಪನಿ ಸರ್ಕಾರದ ಪರವಾಗಿ ಫ್ರಾನ್ಸಿಸ್ ಬುಕಾನನ್ ಇದೇ ದಾರಿಯಲ್ಲಿ ಬಂದ. ಇಂಥ ದಿನ ಇಷ್ಟು ಕೋಸು ಹೋದೆ, ಇಂಥ ಊರು ಸಿಕ್ಕಿತು, ಇಂಥ ಬೆಳೆ ಇತ್ತು ಎಂದು ದಿನಚರಿ ಬರೆಯುತ್ತಾ ಉಡುಪಿ, ಕುಂದಾಪುರ, ಭಟ್ಕಳ, ಹೊನ್ನಾವರ, ಗೋಕರ್ಣ, ಅಂಕೋಲಾ ದಾಟಿ ಸದಾಶಿವಗಡ ಮುಟ್ಟಿದ. 1807ರಲ್ಲಿ ಅಚ್ಚಾದ ಅವನ ಮೂರು ಸಂಪುಟ ಓದುತ್ತಿದ್ದರೆ ಈ ದಾರಿಯ ಲಯ ಗೊತ್ತಾಗುತ್ತದೆ: ನಡೆ, ಹೊಳೆ, ದೋಣಿ, ಮತ್ತೆ ನಡೆ.

ಬ್ರಿಟಿಷರು ಬಂದ ಮೇಲೆ ರಸ್ತೆ ಆದವು, ಸರಿ. ಆದರೆ ಯಾವ ದಿಕ್ಕಿಗೆ? ಅವರಿಗೆ ಬೇಕಾದದ್ದು ಘಟ್ಟದ ಮೇಲಿನ ಸರಕು ಬಂದರಿಗೆ ಇಳಿಯುವುದು. ಧಾರವಾಡ ಸೀಮೆಯ ಹತ್ತಿ ದೇವಿಮನೆ ಘಟ್ಟ ಇಳಿದು ಕುಮಟೆಗೆ ಬರುತ್ತಿತ್ತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತಾಗ ಇಂಗ್ಲೆಂಡಿನ ಗಿರಣಿಗಳ ಕಣ್ಣು ಇತ್ತ ಬಿತ್ತು. ಕುಮಟಾ ಹತ್ತಿ ಎಂಬ ಹೆಸರು ಅಲ್ಲಿನ ಮಾರುಕಟ್ಟೆಯಲ್ಲಿ ಓಡಾಡಿತು, ಕುಮಟೆಯಲ್ಲಿ ಹತ್ತಿ ಬೆಳೆಯುವುದೇ ಇಲ್ಲವಾದರೂ. ಕಾರವಾರವನ್ನು ದೊಡ್ಡ ಬಂದರು ಮಾಡುವ ಯೋಚನೆ ಎದ್ದು, ಅದೇ ಸುಮಾರಿಗೆ, 1862ರಲ್ಲಿ, ಕೆನರಾ ಜಿಲ್ಲೆಯ ಉತ್ತರ ಭಾಗವನ್ನು ಮದ್ರಾಸಿನಿಂದ ತೆಗೆದು ಮುಂಬೈ ಪ್ರಾಂತಕ್ಕೆ ಕೊಟ್ಟರು. ಕುಂದಾಪುರದವನು ಮದ್ರಾಸಿನವನಾಗಿ ಉಳಿದ, ಹೊನ್ನಾವರದವನು ಮುಂಬೈಯವನಾದ. ಒಂದೇ ಕರೆ, ಎರಡು ಸರ್ಕಾರ. ಗಡಿಯ ಆಚೀಚೆ ಕೂಡಿಸುವ ಉದ್ದ ರಸ್ತೆಗೆ ಮದ್ರಾಸೂ ದುಡ್ಡು ಸುರಿಯದು, ಮುಂಬೈಯೂ ಸುರಿಯದು. ಇದು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ನಡೆಯಿತು. ಉತ್ತರದ ತುದಿಯಲ್ಲಂತೂ ಗೋವಾ 1961ರ ಡಿಸೆಂಬರಿನವರೆಗೆ ಪೋರ್ಚುಗೀಸರದು, ಮಾಜಾಳಿಯ ಆಚೆ ಪರದೇಶ. ಕರಾವಳಿ ಹೆದ್ದಾರಿ ತಡವಾದದ್ದಕ್ಕೆ ಹೊಳೆಗಳನ್ನು ದೂರುವುದು ರೂಢಿ. ನಾನು ಈ ಗಡಿಗಳನ್ನೂ ಅಷ್ಟೇ ದೂರುತ್ತೇನೆ. ರೈಲಿನ ಕಥೆ ನೋಡಿ: ತೆಂಕಣದಿಂದ ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ, ಅಲ್ಲಿಂದ ಉಡುಪಿಗೆ ಮುಂದುವರಿದದ್ದು 1993ರಲ್ಲಿ. ಆ ನಡುವೆ ಎರಡು ಮಹಾಯುದ್ಧ ಮುಗಿದು, ಸ್ವಾತಂತ್ರ್ಯ ಬಂದು, ಮನುಷ್ಯ ಚಂದ್ರನ ಮೇಲೆ ಇಳಿದು ವಾಪಸಾಗಿದ್ದ.

ಹಾಗಿದ್ದರೂ ಬಸ್ಸು ಕಾಯಲಿಲ್ಲ. ಮೊದಲ ಮಹಾಯುದ್ಧದ ಕಾಲದಿಂದಲೇ ದಕ್ಷಿಣ ಕನ್ನಡದಲ್ಲಿ ಖಾಸಗಿ ಮೋಟಾರು ಸರ್ವಿಸ್ ಬೆಳೆಯಿತು. ಸಿ.ಪಿ.ಸಿ., ಹನುಮಾನ್, ಶಂಕರ ವಿಠಲ ಎಂಬ ಹೆಸರುಗಳು ನಮ್ಮ ಮನೆಯ ಹಿರಿಯರ ಬಾಯಲ್ಲಿ ನೆಂಟರ ಹೆಸರಿನಷ್ಟೇ ಸಲೀಸಾಗಿ ಬರುತ್ತಿದ್ದವು. ಬಸ್ಸು ಹೊಳೆಯ ಈ ದಡದವರೆಗೆ. ಪ್ರಯಾಣಿಕರು ಗಂಟುಮೂಟೆ ಹಿಡಿದು ಇಳಿದು ದೋಣಿ ಹತ್ತಬೇಕು. ಆಚೆ ದಡದಲ್ಲಿ ಇನ್ನೊಂದು ಬಸ್ಸು ಕಾದಿರುತ್ತದೆ, ಕಾಯದೇ ಹೋಗಿದ್ದರೆ ಮುಂದಿನದಕ್ಕೆ. ಎರಡನೇ ಯುದ್ಧದಲ್ಲಿ ಪೆಟ್ರೋಲು ಸಿಗದಾದಾಗ ಹಿಂದೆ ಒಲೆ ಕಟ್ಟಿಕೊಂಡು ಇದ್ದಿಲಿನ ಗ್ಯಾಸಿನಲ್ಲಿ ಓಡಿದ್ದೂ ಇದೇ ಬಸ್ಸುಗಳು. ಏರು ಬಂದರೆ ಜನ ಇಳಿದು ತಳ್ಳುತ್ತಿದ್ದರು ಎಂದು ನನ್ನಜ್ಜಿ ಹೇಳುತ್ತಿದ್ದರು. ಟಿಕೆಟ್ಟಿನ ದುಡ್ಡು ಕೊಟ್ಟು ತಳ್ಳುವುದು ಅವರಿಗೆ ಕೊನೆಯವರೆಗೂ ಜೀರ್ಣವಾಗಿರಲಿಲ್ಲ.

ಗಾಡಿಯನ್ನೇ ದಾಟಿಸಬೇಕಾದಾಗ ಜಂಗಲ್. ಎರಡು ದೊಡ್ಡ ದೋಣಿಗಳನ್ನು ಜೋಡಿಸಿ ಬಿಗಿದು, ಮೇಲೆ ಹಲಗೆ ಹಾಸಿದ ತೆಪ್ಪ. ದಡದಿಂದ ಎರಡು ಉದ್ದ ಹಲಗೆ ಇಡುತ್ತಾರೆ, ಎರಡರ ಅಂತರ ಸರಿಯಾಗಿ ಗಾಲಿಯ ಅಂತರ. ಡ್ರೈವರ್ ಒಬ್ಬನನ್ನು ಬಿಟ್ಟು ಎಲ್ಲರೂ ಇಳಿಯಬೇಕು. ಮುಂದಿನ ಗಾಲಿ ಹತ್ತಿದಾಗ ದೋಣಿಗಳು ಗಕ್ಕನೆ ಕುಸಿಯುತ್ತವೆ, ಹಿಂದಿನ ಗಾಲಿ ಹತ್ತಿದ ಮೇಲೆ ಸಮಕ್ಕೆ ಬರುತ್ತವೆ. ಆ ನಡುವಿನ ಗಳಿಗೆಯಲ್ಲಿ ಕ್ಲಚ್ ಬಿಟ್ಟವನ ಗತಿ ಹೇಳುವಂತಿಲ್ಲ. ಗಾಲಿಗೆ ಅಡ್ಡ ಕೊಟ್ಟು, ಗಳು ಹಾಕುವವರು ನೀರಿನ ಸೆಳೆತ ನೋಡಿ ಹೊರಡುತ್ತಿದ್ದರು. ಇಳಿತದ ಹೊತ್ತಿನಲ್ಲಿ ಜಂಗಲ್ ದಡಕ್ಕಿಂತ ಕೆಳಗಿರುತ್ತದೆ, ಹಲಗೆ ಕಡಿದಾಗುತ್ತದೆ, ಆಗ ಭರತಕ್ಕೆ ಕಾಯಬೇಕು. ಮಳೆಗಾಲದಲ್ಲಿ ಕೆಂಪು ನೀರು ಬಂದರೆ ಜಂಗಲ್ ಬಂದ್. ಮದುವೆ ದಿಬ್ಬಣಗಳು ಹೊಳೆಯ ಬದಿಯಲ್ಲೇ ರಾತ್ರಿ ಕಳೆದ ಕಥೆಗಳು ಕರಾವಳಿಯ ಪ್ರತಿ ಮನೆಯಲ್ಲೂ ಒಂದಾದರೂ ಸಿಗುತ್ತವೆ.

ಇಂಥ ಕಡೆಗೆ ಹೇಳಿ ಮಾಡಿಸಿದಂತೆ ಬಂದದ್ದು ಜೀಪು. ಯುದ್ಧಕ್ಕೆಂದು ಅಮೆರಿಕದಲ್ಲಿ ಹುಟ್ಟಿದ ಗಾಡಿ. ಸ್ವಾತಂತ್ರ್ಯ ಬಂದ ಹೊತ್ತಿಗೆ ಮಹೀಂದ್ರಾ ಕಂಪನಿ ವಿಲ್ಲೀಸ್ ಜೀಪಿನ ಭಾಗಗಳನ್ನು ತರಿಸಿ ಮುಂಬೈಯಲ್ಲಿ ಜೋಡಿಸತೊಡಗಿತು. ಭಾವನದು ಸಿ.ಜೆ. 3ಬಿ ಮಾದರಿ. ವಿಲ್ಲೀಸ್ ಇದನ್ನು 1953ರಲ್ಲಿ ತಂದಿತು. ಎತ್ತರದ ಇಂಜಿನ್ ಹಿಡಿಸಲಿಕ್ಕಾಗಿ ಬಾನೆಟ್ಟನ್ನೇ ಎತ್ತರಿಸಿದ್ದರಿಂದ ಅದಕ್ಕೆ ಆ ದಪ್ಪ ಮುಖ. ಅಮೆರಿಕದಲ್ಲಿ 1968ಕ್ಕೆ ನಿಲ್ಲಿಸಿದರು, ನಮ್ಮಲ್ಲಿ ಆಮೇಲೂ ದಶಕಗಟ್ಟಲೆ ತಯಾರಾಯಿತು. ಅರಣ್ಯ ಇಲಾಖೆ, ಲೋಕೋಪಯೋಗಿ, ಮೈಕು ಕಟ್ಟಿದ ಚುನಾವಣೆ ಗಾಡಿ, ಘಟ್ಟದ ಬುಡದ ಹಳ್ಳಿಗಳ ಬಾಡಿಗೆ ಸರ್ವಿಸ್, ಎಲ್ಲದಕ್ಕೂ ಜೀಪೇ. ಹೆದ್ದಾರಿ ಬರುವ ಮೊದಲು ಹೆದ್ದಾರಿಯ ಸರ್ವೆಗೆ ಬಂದದ್ದೂ ಜೀಪು.

ಗೇರಿನ ಪಕ್ಕ ಇನ್ನೆರಡು ಸಣ್ಣ ಲಿವರ್ ಇವೆ. ಒಂದು ಮುಂದಿನ ಗಾಲಿಗೂ ಶಕ್ತಿ ಕೊಡುತ್ತದೆ, ಇನ್ನೊಂದು ಹೈ–ಲೋ. ಮೊದಲನೆಯದನ್ನು ಹಾಕದೆ ಲೋಗೆ ಬೀಳುವುದಿಲ್ಲ. ಕುಂದಾಪುರದ ಹತ್ತಿರ ಹೊಳೆಬದಿಯ ಒಂದು ಹಳೇ ಕಡವಿಗೆ ಇಳಿಯುವಾಗ ದಾರಿ ಮುಗಿದು ಮರಳು ಶುರುವಾಯಿತು. ಭಾವ ಇಳಿದು ಟೈರಿನ ಗಾಳಿ ಬಿಟ್ಟ, ಟೈರು ಹೊಟ್ಟೆ ಬಿಟ್ಟು ಅಗಲಕ್ಕೆ ಕೂತಿತು. ಲೋ ಹಾಕಿ, ಎರಡನೇ ಗೇರಿನಲ್ಲಿ, ಅವಸರವಿಲ್ಲದೆ, ನಿಲ್ಲಿಸದೆ ಹೊಡೆದ. ನಾನು ಒಂದು ಕಲ್ಲು ಕಂಡು ‘ನಿಲ್ಸು, ನಿಲ್ಸು’ ಅಂದೆ.

‘ಇಲ್ಲ್ ಬ್ರೇಕ್ ಒತ್ತೂಕಾಗ ಭಾವ, ಒತ್ರೆ ಹುಗಿತ್ತ್’ ಎಂದವನು ಗಟ್ಟಿ ನೆಲ ಬಂದ ಮೇಲೇ ನಿಲ್ಲಿಸಿದ. ಮುಂದಿನ ಗಾಲಿ ಎಳೆಯುತ್ತಿದೆಯೋ ಬರೀ ಉರುಳುತ್ತಿದೆಯೋ ಎಂಬುದು ಅವನಿಗೆ ಸ್ಟಿಯರಿಂಗಿನ ಭಾರದಲ್ಲೇ ತಿಳಿಯುತ್ತದೆಯಂತೆ. ನನಗೆ ತಿಳಿದದ್ದು ಸೊಂಟದ ನೋವು.

ಆ ಕಡವಿನಿಂದ ಗಂಗೊಳ್ಳಿ ಕೈಗೆ ಸಿಗುವಷ್ಟು ಹತ್ತಿರ ಕಾಣುತ್ತದೆ. ದೋಣಿಯಲ್ಲಾದರೆ ಎಲೆಯಡಿಕೆ ಹಾಕಿ ಉಗುಳುವಷ್ಟು ಹೊತ್ತು. ರಸ್ತೆಯಲ್ಲಿ ಮಾತ್ರ ಹೆಮ್ಮಾಡಿ, ತ್ರಾಸಿ ಸುತ್ತಿ ಹೋಗಬೇಕು. ಅಲ್ಲೊಂದು ಸೇತುವೆ ಬೇಕೆಂಬ ಬೇಡಿಕೆ ಹಳೆಯದು. ಎಂಥ ಫೋರ್ ವೀಲ್ ಇದ್ದರೂ ಸುತ್ತಲೇಬೇಕು, ನಾವೂ ಸುತ್ತಿದೆವು.

ಸಮುದ್ರದ ಮರಳಿನ ಮೇಲೆ ಮಾತ್ರ ಜೀಪು ಇಳಿಸಬಾರದು ಎಂದು ಮೊದಲೇ ಷರತ್ತು ಹಾಕಿದ್ದೆ. ಹಿಂದಿನವರಿಗೆ ಕಡಲ ಕರೆಯೇ ದಾರಿ, ನಿಜ. ನೀರು ಇಳಿದಾಗ ಒದ್ದೆ ಮರಳು ಗಟ್ಟಿಯಾಗಿರುತ್ತದೆ, ನಡೆಯಲು ಸುಖ. 1880ರ ದಶಕದ ಆರಂಭದಲ್ಲಿ, ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ಬಂದಿದ್ದ ರವೀಂದ್ರನಾಥ ಠಾಕೂರರು ಕಾಳಿ ನದಿಯಲ್ಲಿ ದೋಣಿಯಾನ ಮುಗಿಸಿ ರಾತ್ರಿ ಮನೆಗೆ ಮರಳಿದ್ದು ಹೀಗೆ ಮರಳಿನ ಮೇಲೆ ನಡೆದೇ. ಆದರೆ ನಡಿಗೆ ಬೇರೆ, ಟೈರು ಬೇರೆ. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಚಳಿಗಾಲದಲ್ಲಿ ಕಡಲಾಮೆಗಳು ಬಂದು ಮರಳಲ್ಲಿ ಮೊಟ್ಟೆ ಇಡುತ್ತವೆ. ಮೇಲೆ ಗಾಡಿ ಹೋದರೆ ಒಳಗಿನದು ಏನಾದೀತು? ರೀಲು ಮಾಡಲು ಬೀಚಿನಲ್ಲಿ ಜೀಪು ಸುತ್ತಿಸಿ ಹೂತು, ಆಮೇಲೆ ಮೀನುಗಾರರನ್ನು ಕರೆದು ಹಗ್ಗ ಕಟ್ಟಿಸುವ ಹುಡುಗರ ಬಗ್ಗೆ ನನಗೆ ಕನಿಕರವಿಲ್ಲ. ಭಾವನ ತಕರಾರು ಬೇರೆಯೇ: ಉಪ್ಪುನೀರು ತಾಗಿದರೆ ಚಾಸಿ ತುಕ್ಕು, ತೊಳೆಯುವುದು ಯಾರು?

ಮರವಂತೆಯನ್ನು ಎಲ್ಲರೂ ಹೊಗಳುತ್ತಾರೆ. ರಸ್ತೆಯ ಪಡುವಣ ಬದಿಗೆ ಅರಬ್ಬೀ ಸಮುದ್ರ, ಮೂಡಣ ಬದಿಗೆ ಸೌಪರ್ಣಿಕಾ. ಹೊಗಳಿಕೆಗೆ ತಕ್ಕ ಜಾಗವೇ. ಈಗ ಸಮುದ್ರದ ಬದಿಗೆ ಕಡಲ್ಕೊರೆತ ತಡೆಯಲು ಕಲ್ಲು ರಾಶಿ, ನಡುವೆ ಡಿವೈಡರು, ನೂರರ ವೇಗದ ಕಾರುಗಳು. ಚತುಷ್ಪಥ ಮಾಡುವಾಗ ಈ ಹೆದ್ದಾರಿಯ ಉದ್ದಕ್ಕೂ ಕಡಿದ ಮರಗಳ ಜಾಗದಲ್ಲಿ ಬಿಸಿಲು ನಿಂತಿದೆ. ಆರುನೂರು ಚಿಲ್ಲರೆ ವರ್ಷದ ಹಿಂದೆ ಇಬ್ನ್ ಬತೂತ ನೆರಳಲ್ಲಿ ನಡೆದದ್ದು, ನಾವು ಬಿಸಿಲಲ್ಲಿ ಟೋಲು ಕಟ್ಟುವುದು. ಹೆಜಮಾಡಿಯಲ್ಲಿ ಒಂದು, ಸಾಸ್ತಾನದಲ್ಲಿ ಒಂದು, ಬೈಂದೂರಾಚೆ ಶಿರೂರಿನಲ್ಲಿ ಒಂದು.

ಹೊನ್ನಾವರದಲ್ಲಿ ಶರಾವತಿ ದಾಟುವಾಗ ಪಕ್ಕದಲ್ಲೇ ಕೊಂಕಣ ರೈಲಿನ ಸೇತುವೆ, ಉದ್ದ ಎರಡು ಕಿಲೋಮೀಟರಿಗೆ ತುಸು ಹೆಚ್ಚು. ಆ ಮಾರ್ಗದಲ್ಲೇ ಎಲ್ಲಕ್ಕಿಂತ ಉದ್ದದ್ದು. ಕುಮಟೆ ದಾಟಿ ಎಡಕ್ಕೆ ತಿರುಗಿ ಅಘನಾಶಿನಿ ಊರಿಗೆ ಹೋದೆವು. ಅಲ್ಲಿಂದ ತದಡಿಗೆ ಇವತ್ತೂ ದೋಣಿ. ಶಾಲೆ ಮಕ್ಕಳು, ಮೀನಿನ ಬುಟ್ಟಿ, ಎರಡು ಬೈಕು ಹತ್ತಿದವು. ಬೈಕು ಹತ್ತಿಸುವಾಗ ಹಲಗೆ ಬಾಗಿದ ರೀತಿ ನೋಡಿ ಭಾವ ‘ಜೀಪಿಗೆ ಎಷ್ಟ್?’ ಎಂದು ತಮಾಷೆಗೆ ಕೇಳಿದ. ದೋಣಿಯವನು ಜೀಪನ್ನೂ ಭಾವನನ್ನೂ ಒಂದು ಸಲ ನೋಡಿ, ‘ಬಿಡಿಸಿ ತುಂಡು ತುಂಡು ತಗಂಡು ಬನ್ನಿ’ ಎಂದ. ಮೆಕ್ಯಾನಿಕ್ಕಿಗೆ ಅದೇನೂ ಅಸಾಧ್ಯದ ಮಾತಾಗಿ ಕೇಳಿಸಲಿಲ್ಲ.

ಅಂಕೋಲಾ ಹತ್ತಿರದ ಶಿರೂರು ಬೇರೆ, ಬೈಂದೂರಿನದು ಬೇರೆ. ಅಂಕೋಲೆಯದರಲ್ಲಿ 2024ರ ಜುಲೈ 16ರಂದು ಹೆದ್ದಾರಿ ಬದಿಯ ಗುಡ್ಡ ಕುಸಿದು, ಚಹಾ ಅಂಗಡಿ, ಮನುಷ್ಯರು, ಲಾರಿ ಎಲ್ಲ ಗಂಗಾವಳಿ ಸೇರಿದವು. ಒಂದು ಲಾರಿಯನ್ನು ನದಿಯಿಂದ ಎತ್ತಿದ್ದು ಸೆಪ್ಟೆಂಬರಿನಲ್ಲಿ. ನಡೆಯುವವನ ದಾರಿ ಗುಡ್ಡ ಬಂದರೆ ಬಳಸಿ ಹೋಗುತ್ತಿತ್ತು. ನಾಲ್ಕು ಸಾಲಿನ ದಾರಿ ಬಳಸುವುದಿಲ್ಲ, ಕಡಿಯುತ್ತದೆ. ಕಡಿದ ಗೋಡೆಯ ಬುಡದಲ್ಲಿ ಭಾವ ಎಲ್ಲೂ ಜೀಪು ನಿಲ್ಲಿಸಲಿಲ್ಲ, ನಾನು ನಿಲ್ಲಿಸು ಎನ್ನಲೂ ಇಲ್ಲ.

ಆರ್ಗಾ, ಬಿಣಗಾ ದಾಟುವಾಗ ಸಮುದ್ರ ನೌಕಾನೆಲೆಯ ಗೋಡೆಯ ಆಚೆ ಉಳಿಯುತ್ತದೆ. 1986ರಲ್ಲಿ ಅಡಿಗಲ್ಲು ಬಿದ್ದ ಈ ನೆಲೆಯ ಸೀಬರ್ಡ್ ಯೋಜನೆಗಾಗಿ ಊರು ಬಿಟ್ಟವರ ಮಕ್ಕಳು ಈಗ ಮಧ್ಯವಯಸ್ಕರು. ಕಾರವಾರದ ಕೋಡಿಬಾಗದಲ್ಲಿ ಕಾಳಿ ನದಿ. ಇಲ್ಲಿನ ಹಳೇ ಸೇತುವೆ ಆದದ್ದು 1983ರಲ್ಲಿ, ಅಲ್ಲಿಯವರೆಗೆ ಸದಾಶಿವಗಡಕ್ಕೆ ದೋಣಿ, ಬಾರ್ಜು. ಕೂಳೂರಿನ ಕಮಾನಿಗಿಂತ ಮೂವತ್ತೊಂದು ವರ್ಷ ಚಿಕ್ಕದು. ಆದರೂ 2024ರ ಆಗಸ್ಟ್ 7ರ ನಡುರಾತ್ರಿ ಅದೇ ಮೊದಲು ಬಿತ್ತು, ಮೇಲಿದ್ದ ಲಾರಿ ಸಮೇತ. ಚಾಲಕನನ್ನು ಬದುಕಿಸಿ ತಂದವರಲ್ಲಿ ಮೀನುಗಾರರೂ ಇದ್ದರು, ಬಂದದ್ದು ದೋಣಿಯಲ್ಲಿ. ಸೇತುವೆ ಕಟ್ಟುವುದಕ್ಕಿಂತ ಅದನ್ನು ನೋಡಿಕೊಳ್ಳುವುದೇ ದೊಡ್ಡ ಕೆಲಸ ಎಂದು ಭಾವನ ಅಭಿಪ್ರಾಯ. ಅವನು ಗಾಡಿಗಳ ಬಗ್ಗೆಯೂ ಇದನ್ನೇ ಹೇಳುತ್ತಾನೆ, ಗಿರಾಕಿಗಳು ಕೇಳುವುದಿಲ್ಲವಂತೆ.

ಪಕ್ಕದ ಹೊಸ ಸೇತುವೆ ಮೇಲೆ ಕಾಳಿ ದಾಟಿ, ಸದಾಶಿವಗಡದ ಗುಡ್ಡ ಬಿಟ್ಟು, ಮಾಜಾಳಿಯ ತಪಾಸಣಾ ಠಾಣೆಯವರೆಗೆ ಹೋದೆವು. ನನ್ನ ಲೆಕ್ಕದಲ್ಲಿ ಪ್ರವಾಸ ಅಲ್ಲಿಗೆ ಮುಗಿದಿತ್ತು. 1961ಕ್ಕೆ ಮೊದಲು ಇಲ್ಲಿ ರಸ್ತೆ ಮುಗಿದು ಬೇರೆ ದೇಶ ಶುರುವಾಗುತ್ತಿತ್ತು ಎಂದು ಭಾವನಿಗೆ ವಿವರಿಸತೊಡಗಿದೆ. ಅವನು ಜೀಪು ನಿಲ್ಲಿಸಲಿಲ್ಲ. ಆಚೆ ಗೋವಾದ ಪೊಳೆಯಲ್ಲಿ ಡೀಸೆಲ್ ರೇಟು ನಮ್ಮಲ್ಲಿಗಿಂತ ಕಡಿಮೆ ಎಂದು ಕೋಡಿಬಾಗದಲ್ಲಿ ಚಹಾ ಕುಡಿಯುವಾಗಲೇ ವಿಚಾರಿಸಿ ಇಟ್ಟುಕೊಂಡಿದ್ದ. ಟ್ಯಾಂಕು ತುಂಬಿಸಿದ ಮೇಲೆ ದುಡ್ಡು ಕೊಡಲು ನನ್ನ ಕಡೆ ಕೈ ತೋರಿಸಿದ.